ಹೂಡಿ ನೋಡದೆ ತಂದ ಲ್ಯಾಪ್‌ಟಾಪು

ಹಾರನಹಳ್ಳಿಯ ನೀಲಕಂಠಸ್ವಾಮಿ ಒಂದು ಸಲ ಹಾರ್ಮೋನಿಯಂ ಮೇಲೆ ಎಂಥ ಬಿಸಿ ರಾಗ ನುಡಿಸಿದನೆಂದರೆ, ಸುತ್ತಮುತ್ತಲ ತಂಬಾಕು ಬೇಯಿಸುವ ಏಳು ಬ್ಯಾರನ್‌ಗಳಲ್ಲಿ ತೂಗುಹಾಕಿದ್ದ ಹಸಿ ತಂಬಾಕಿನ ಸೊಪ್ಪು ಒಂದು ತುಂಡು ಸೌದೆಯಿಲ್ಲದೆ ತೂಗಿದಲ್ಲೇ ಬೆಂದು, ಬಂಗಾರದ ಬಣ್ಣಕ್ಕೆ ತಿರುಗಿ, ಮಾರನೆಯ ದಿನ ಹರಾಜಿನಲ್ಲಿ ಒಂದನೇ ದರ್ಜೆಗೆ ಹೋಯಿತು. ಎಂಟನೇ ಬ್ಯಾರನ್‌ನವನು ಆ ಹೊತ್ತಿನಲ್ಲಿ ಕಿಟಕಿ ಮುಚ್ಚಿಕೊಂಡಿದ್ದರಿಂದ ಅವನ ಸೊಪ್ಪು ಮಾತ್ರ ಹಸಿಯಾಗಿಯೇ ಉಳಿಯಿತು. ಇದನ್ನು ನಂಬದವರು ನೀಲಕಂಠಸ್ವಾಮಿಯನ್ನೇ ಕೇಳಬಹುದು. ಊರಿಗೆಲ್ಲ ಹೇಳಿದ್ದೂ ಅವನೇ, ಕಣ್ಣಾರೆ ಕಂಡಿದ್ದೂ ಅವನೊಬ್ಬನೇ.

ಇಂಥ ಮಹಾನುಭಾವ ಹೊಟ್ಟೆಪಾಡಿಗೆ ನಾಟಕದ ಮೇಷ್ಟ್ರು. ಸುಗ್ಗಿ ಮುಗಿದು ಜನರ ಕೈ ಬಿಡುವಾಯಿತೆಂದರೆ ಊರೂರಲ್ಲಿ ಪೌರಾಣಿಕ ನಾಟಕದ ಹುಚ್ಚು ಏಳುತ್ತದೆ. ಉಳುವವರು ರಾಜರಾಗುತ್ತಾರೆ, ಹಾಲು ಹಾಕುವವರು ಋಷಿಗಳಾಗುತ್ತಾರೆ. ಅವರನ್ನು ಮೂರು ತಿಂಗಳು ಹಾರ್ಮೋನಿಯಂ ಮುಂದೆ ಕೂರಿಸಿ ಹಾಡು, ಮಾತು, ಗದೆ ಬೀಸುವ ಗತ್ತು ಎಲ್ಲವನ್ನೂ ಕಲಿಸಬೇಕು. ಊರವರು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ವೀಳ್ಯ ಕೊಟ್ಟರೆ ಆ ವರ್ಷಕ್ಕೆ ಅವನು ಆ ಊರಿನ ಮೇಷ್ಟ್ರು. ಕೊಡದಿದ್ದರೆ ಅವನು ಬರೀ ನೀಲಕಂಠಸ್ವಾಮಿ.

ಕೆ.ಆರ್. ನಗರ ತಾಲ್ಲೂಕಿನ ಭೇರ್ಯದ ವೀಳ್ಯ ಒಂಬತ್ತು ವರ್ಷದಿಂದ ಅವನದೇ ಆಗಿತ್ತು. ಅದು ಅವನ ಹೆಂಡತಿ ಶಾಂತಲಾಳ ತವರು. ಸುತ್ತಿನ ಊರುಗಳೆಲ್ಲ ಭೇರ್ಯದವರು ಯಾರನ್ನು ಕರೆದರೋ ಅವರನ್ನೇ ಕರೆಯುತ್ತಿದ್ದವು. ಭೇರ್ಯ ತಪ್ಪಿತೆಂದರೆ ಎಲ್ಲವೂ ತಪ್ಪಿದಂತೆ.

ಎರಡು ಸಾವಿರದ ಎಂಟನೇ ಇಸವಿಯ ಒಂದು ಮಧ್ಯಾಹ್ನ ಭೇರ್ಯದ ನಾಟಕ ಮಂಡಳಿಯ ಅಧ್ಯಕ್ಷ ನಂಜಣ್ಣನ ಫೋನು ಬಂತು.

"ಮೇಷ್ಟ್ರೇ, ಬೇಜಾರ್ ಮಾಡ್ಕೋಬ್ಯಾಡಿ. ಕೆ.ಆರ್. ನಗರದಿಂದ ಒಬ್ಬ ಕೀಬೋರ್ಡಿನೋನು ಬಂದಿದ್ದ. ಒತ್ತಿದ್ರೆ ತಬಲ ಬತ್ತದೆ, ಒತ್ತಿದ್ರೆ ಕೊಳಲು ಬತ್ತದೆ, ಒತ್ತಿದ್ರೆ ಕುದ್ರೆ ಓಡೋ ಸದ್ದು ಬತ್ತದೆ ಕಣ್ರೀ! ನಮ್ಮ ರಾಜಾಪಾರ್ಟಿನೋನು ಆ ಕುದ್ರೆ ಸದ್ದಿಗೇ ಮಳ್ಳಾಗ್ಬುಟ್ಟವ್ನೆ."

ಮಾನ ಮರ್ಯಾದೆ ಇರುವ ಮನುಷ್ಯನಾದರೆ ಇಲ್ಲಿ 'ಆಗಲಿ, ನಾನೂ ಬಂದು ನುಡಿಸ್ತೀನಿ' ಅನ್ನುತ್ತಿದ್ದ. ನೀಲಕಂಠಸ್ವಾಮಿಗೆ ಅಷ್ಟು ಸಣ್ಣ ಮಾತು ಬಾಯಲ್ಲಿ ಹಿಡಿಯುವುದಿಲ್ಲ.

"ಕೀಬೋರ್ಡಾ? ಅಯ್ಯೋ, ಅದನ್ನ ನಾನು ಬುಟ್ಟು ಯಾವ ಕಾಲ ಆಯ್ತು! ಈಗೆಲ್ಲಾ ಕಂಪ್ಯೂಟರ್ ಸಂಗೀತ ಕಣ್ರೀ ನಂಜಣ್ಣೋರೇ. ಇನ್ನೂರು ವಾದ್ಯ ಅದೆ ನನ್ನ ಲ್ಯಾಪ್‌ಟಾಪಲ್ಲಿ. ಒಂದು ಕುದ್ರೆ ಏನು, ಒಂದು ದಂಡೇ ಓಡಿಸ್ತೀನಿ."

"ಇನ್ನೂರಾ!" ಎಂದ ನಂಜಣ್ಣ. "ಅಂಗಾದ್ರೆ ಮುಂದಿನ ತಿಂಗಳು ಎರಡನೇ ಭಾನುವಾರ ತಗಂಬನ್ನಿ. ನಮ್ಮ ಸ್ಕೂಲ್ ರೂಮಲ್ಲಿ ಇಬ್ರುದೂ ಕೇಳಿ, ಅಲ್ಲೇ ವೀಳ್ಯ ಕೊಟ್ಬುಡ್ತೀವಿ."

ಫೋನಿಟ್ಟ ಮೇಲೆ ಒರಳಿನ ಮುಂದೆ ಕೂತಿದ್ದ ಶಾಂತಲಾ ತಲೆಯೆತ್ತದೆ ಕೇಳಿದಳು: "ಯಾವ ಲ್ಯಾಪ್‌ಟಾಪು?"

"ಬತ್ತದೆ."

"ಎಲ್ಲಿಂದ?"

"ಬತ್ತದೆ ಅಂದ್ನಲ್ಲ!"

ಮಾರನೆಯ ದಿನವೇ ಅವನು ಹುಣಸೂರಿಗೆ ಓಡಿದ. ಅಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಚೇತನ್‌ಕುಮಾರ್ ಅವನಿಗೆ ಗುರುತು. ಮಿತಭಾಷಿ, ಕನ್ನಡಕದ ಮನುಷ್ಯ. ಅವನು ಒಂದು ಸಿ.ಡಿ. ತೆಗೆದು ಕೊಟ್ಟ.

"ಇದರಲ್ಲಿ ಲಿನಕ್ಸ್ ಅಂತ ಇದೆ ಮೇಷ್ಟ್ರೇ. ಎಲ್ಲರ ಕಂಪ್ಯೂಟರಲ್ಲೂ ವಿಂಡೋಸ್ ಇರುತ್ತಲ್ಲ, ಅದರ ಬದಲಿಗೆ ಇದು. ಪುಕ್ಕಟೆ. ಸಂಗೀತದ ಸಾಫ್ಟ್‌ವೇರೂ ಇದರೊಳಗೇ ಇದೆ, ಅದೂ ಪುಕ್ಕಟೆ. ಆದರೆ ಒಂದು ಮಾತು. ಲಿನಕ್ಸು ಎಲ್ಲಾ ಲ್ಯಾಪ್‌ಟಾಪಿಗೂ ಒಗ್ಗಲ್ಲ. ಒಂದರಲ್ಲಿ ಸದ್ದು ಬರುತ್ತೆ, ಅದರ ಪಕ್ಕದಲ್ಲಿರೋದರಲ್ಲಿ ಬರಲ್ಲ. ಹಾಗಾಗಿ ಅಂಗಡೀಲೇ ಈ ಸಿ.ಡಿ. ಹಾಕಿ. ತಾನಾಗೇ ಓಡುತ್ತೆ. ಸದ್ದು ಬಂದರೆ ತಗೊಳ್ಳಿ, ಬರದಿದ್ದರೆ ಬಿಟ್ಟು ಬನ್ನಿ. ಇಷ್ಟೇ."

"ಕಂಪ್ಯಾಟಿಬಿಲಿಟಿ ಚೆಕ್ಕಿಂಗು" ಎಂದು ಅದಕ್ಕೊಂದು ಹೆಸರನ್ನೂ ಹೇಳಿದ. ಅದನ್ನು ಹೇಳದಿದ್ದರೆ ಅರ್ಧ ಅನಾಹುತ ತಪ್ಪುತ್ತಿತ್ತು. ನೀಲಕಂಠಸ್ವಾಮಿಗೆ ಉಳಿದದ್ದೆಲ್ಲ ಹುಣಸೂರು ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಮರೆತುಹೋಗಿ ಆ ಒಂದು ಪದ ಮಾತ್ರ ಜೇಬಿನಲ್ಲಿ ಉಳಿಯಿತು.

ಅಂದಿನಿಂದ ಹದಿನೈದು ದಿನ ಹಾರನಹಳ್ಳಿಯಲ್ಲಿ ಇನ್ನೊಂದು ಮಾತಿಲ್ಲ. ಹಾಲಿನ ಡೈರಿಯ ಸಾಲಿನಲ್ಲಿ ಕಂಪ್ಯಾಟಿಬಿಲಿಟಿ, ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡಕ್ಕೆ ಸೋಪು ಮೆತ್ತಿಕೊಂಡು ಕಂಪ್ಯಾಟಿಬಿಲಿಟಿ. ದಿನಾ ಪಿರಿಯಾಪಟ್ಟಣಕ್ಕೆ ಹೋಗಿ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಜಗತ್ತಿನ ಲ್ಯಾಪ್‌ಟಾಪುಗಳನ್ನೆಲ್ಲ ಜಾಲಾಡುತ್ತಿರುವುದಾಗಿ ಹೇಳಿಕೊಂಡ. ಜರ್ಮನಿಯವರು ಇವನನ್ನು ಕೇಳಿ ಲ್ಯಾಪ್‌ಟಾಪು ಕೊಳ್ಳುತ್ತಿದ್ದಾರಂತೆ. ನಿಜ ಹೇಳಬೇಕೆಂದರೆ ಅವನು ಒಂದೇ ದಿನ ಹೋಗಿದ್ದ. ಅಂಗಡಿಯವನು ತೆರೆದುಕೊಟ್ಟ ಇಂಗ್ಲಿಷ್ ಪುಟವನ್ನು ಅರ್ಧ ಗಂಟೆ ದೇವರ ಪಟ ನೋಡುವಂತೆ ನೋಡಿ, 'ಎಲ್ಲಾ ಸರಿಯಾಗದೆ' ಎಂದು ಎದ್ದು ಬಂದಿದ್ದ.

ಪಕ್ಕದ ಮನೆಯ ಮಾಯಮ್ಮ ಅವನನ್ನು ಚಡ್ಡಿ ಹಾಕದ ಕಾಲದಿಂದ ಕಂಡವಳು.

"ಏನ್ಲಾ ನೀಲಕಂಠ, ಅದೇನೋ ನೋಡ್ತಾ ಇದ್ದೀಯಂತೆ?"

"ಹೊಂದಾಣಿಕೆ ಮಾಯಕ್ಕ. ಲ್ಯಾಪ್‌ಟಾಪು ಲಿನಕ್ಸಿಗೆ ಹೊಂದ್ತದಾ ಇಲ್ವಾ ಅಂತ."

"ಶಾಂತಲಾನ ಕಟ್ಕೊಳ್ಳೋವಾಗ ಒಂದ್ ದಿವಸ್ದಾಗೆ ಮುಗಿಸ್ದಲ್ಲೋ! ಆವಾಗ ಇಷ್ಟು ನೋಡಿದ್ರೆ ಆ ಹುಡ್ಗಿಯಾದ್ರೂ ಬದುಕ್ಕೊಳ್ತಿದ್ಲು."

ವಿಷಯ ಭೇರ್ಯಕ್ಕೂ ಮುಟ್ಟಿತು. ಶಾಂತಲಾಳ ಅಪ್ಪ ಮಹದೇವಯ್ಯ ಬೆಳಗಿನ ಬಸ್ಸಿಗೆ ಬಂದಿಳಿದರು. ಅವರು ಎತ್ತು ನೋಡುವುದರಲ್ಲಿ ನಾಲ್ಕು ತಾಲ್ಲೂಕಿಗೆ ಹೆಸರುವಾಸಿ. ದನದ ಸಂತೆಯಲ್ಲಿ ಅವರು ಒಂದು ಎತ್ತಿನ ಮುಂದೆ ನಿಂತು ಕೆಮ್ಮಿದರೆ ಅದರ ಬೆಲೆ ಇಳಿಯುತ್ತಿತ್ತು. ಕೆಮ್ಮದೆ ಹೋದರೆ ಮಾಲೀಕ ಊರಿಗೆ ಹೋಗಿ ಸಿಹಿ ಹಂಚುತ್ತಿದ್ದ. ಅಳಿಯ ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು.

"ಅಂದ್ರೆ ಜೋಡಿ ಹೊಂದ್ತದಾ ನೋಡ್ಬೇಕು. ಎಡಕ್ಕೊಂದು, ಬಲಕ್ಕೊಂದು. ಒಂದು ಎಳೀತದೆ, ಒಂದು ಮಲಗ್ತದೆ, ಅಂಗಾಗ್ಬಾರ್ದು. ಅಷ್ಟೇ ತಾನೆ?"

"ಅಷ್ಟು ಸಲೀಸಲ್ಲ ಮಾವ. ಇದು ಟೆಕ್ನಿಕಲ್ಲು."

"ಆಯ್ತು ಬುಡಿ. ಅರ್ಧ ದುಡ್ಡು ನಾನು ಆಕ್ತೀನಿ, ನನ್ನ ಮಗಳ ಮನೆ ಮರ್ಯಾದೆ ಅದು. ಆದ್ರೆ ನೋಡೋಕೆ ನಾನೂ ಬತ್ತೀನಿ."

ಹುಣಸೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ವಸಂತ್ ಎಂಬುವನ ಕಂಪ್ಯೂಟರ್ ಅಂಗಡಿ. ಗಾಜಿನ ಬೀರುವಿನಲ್ಲಿ ನಾಲ್ಕು ಲ್ಯಾಪ್‌ಟಾಪು ಸಾಲಾಗಿ ಮಲಗಿದ್ದವು. ಮಹದೇವಯ್ಯ ಚಪ್ಪಲಿ ಹೊರಗೆ ಬಿಟ್ಟು, ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಒಳಗೆ ಬಂದರು.

"ಒಂದೊಂದಾಗಿ ಈಚೆ ಬುಡಪ್ಪ."

"ಏನನ್ನ ಸಾರ್?" ಎಂದ ವಸಂತ್.

"ಇವನ್ನೇ. ಕಟ್ಟಿರೋ ಜಾಗ್ದಲ್ಲಿ ನೋಡಿದ್ರೆ ಐಬು ಗೊತ್ತಾಗಾಕಿಲ್ಲ."

ವಸಂತ್ ಒಂದನ್ನು ತೆಗೆದಿಟ್ಟ. ಮಹದೇವಯ್ಯ ಅದರ ಮುಚ್ಚಳ ಎತ್ತಿ, ಒಳಗಿನ ಗುಂಡಿಗಳನ್ನು ತೋರುಬೆರಳಿನಿಂದ ಎಣಿಸತೊಡಗಿದರು. ಎಣಿಸುತ್ತ ಎಣಿಸುತ್ತ ಅವರ ಹುಬ್ಬು ಮೇಲೇರಿತು.

"ಎಂಬತ್ತಾರು."

"ಏನು ಸಾರ್ ಎಂಬತ್ತಾರು?"

"ಹಲ್ಲು. ಎತ್ತಿಗೆ ಎಂಟಾದ್ರೇ ವಯಸ್ಸಾಯ್ತು ಅಂತ ಲೆಕ್ಕ. ಇದ್ಯಾವ ಕಾಲದ್ದಪ್ಪ?"

"ಹೊಸದು ಸಾರ್! ಹೋದ ವಾರ ಬಂದಿದ್ದು!"

"ಮಾರೋರೆಲ್ಲಾ ಅಂಗೇ ಅನ್ನಾದು."

ಎರಡನೆಯದನ್ನು ಅಂಗಾತ ಮಲಗಿಸಿದರು. ಅದರ ಅಡಿಯಲ್ಲಿ ಗಾಳಿ ಹೋಗಲು ದುಂಡಗೆ ಸೀಳಿದ ಜಾಲರಿ ಇತ್ತು. ಮಹದೇವಯ್ಯ ಕೈ ಹಿಂದಕ್ಕೆ ತೆಗೆದರು.

"ಹೊಟ್ಟೆ ಕೆಳಗೆ ಸುಳಿ! ಮನೆಗೆ ಆಗಿಬರಾಕಿಲ್ಲ, ಒಳೀಕಿಡು."

"ಅದು ಫ್ಯಾನು ಸಾರ್. ಬಿಸಿ ಗಾಳಿ ಆಚೆ ಹೋಗೋಕೆ."

"ಬಿಸಿ ಉಸ್ರು ಬುಡೋದು ನಮ್ಗೆ ಬೇಡವೇ ಬೇಡ."

ಮೂರನೆಯದರ ಮುಚ್ಚಳ ತೆರೆಯುವಾಗ ಕಿರ್ ಎಂದಿತು. "ಕೀಲು ಹಿಡ್ಕೊಂಡದೆ, ಕುಂಟ್ತದೆ" ಎಂದು ಅದನ್ನೂ ತಳ್ಳಿದರು. ನಾಲ್ಕನೆಯದರ ಜಾಲರಿ ಪಕ್ಕೆಯಲ್ಲಿತ್ತು. ಪಕ್ಕೆಯ ಸುಳಿ ದೋಷವಲ್ಲ. ಬೆನ್ನು ಸವರಿದರು, ನಯವಾಗಿತ್ತು. ಹಿಂದಿನಿಂದ ಬಂದ ವೈರನ್ನು ಬಾಲ ಎಳೆಯುವಂತೆ ಮೆಲ್ಲಗೆ ಎಳೆದರು, ಅದು ಒದೆಯಲಿಲ್ಲ. ಅಷ್ಟರಲ್ಲಿ ಅಂಗಡಿಯ ಮುಂದೆ ಇಪ್ಪತ್ತು ಜನ ಸೇರಿದ್ದರು. ನೀಲಕಂಠಸ್ವಾಮಿ ಮುಂದೆ ಹೇಳುವಾಗ ಅದು ಸಾವಿರವಾಗಿ, ಪೊಲೀಸರು ಬಂದು ಬಸ್ಸುಗಳನ್ನು ಬೇರೆ ರಸ್ತೆಗೆ ತಿರುಗಿಸಿದರು.

"ಇದಾಗ್ಬೋದು" ಎಂದರು ಮಹದೇವಯ್ಯ. "ಈಗ ಹೂಡಿ ತೋರ್ಸು."

"ಹೂಡೋದಾ?"

"ಅಲ್ಲಪ್ಪಾ, ಸಂತೇಲಿ ಎತ್ತು ತಗೊಳ್ಳೋನು ನೊಗ ಇಟ್ಟು, ನಾಕೆಜ್ಜೆ ಎಳೆಸಿ ನೋಡಿ, ಆಮೇಲೆ ದುಡ್ಡು ಬಿಚ್ತಾನೆ. ಇದು ಹಾಡೋ ಜಾತಿ ತಾನೆ? ಹಾಡಿಸು. ಅಳೀಂದ್ರೇ, ನಿಮ್ಗೆ ಅದೇನೋ ಸಿ.ಡಿ. ಕೊಟ್ಟವ್ರೆ ಅಂದ್ರಲ್ಲ, ತಗೀರಿ. ಆಕಿ."

ಚೇತನ್‌ಕುಮಾರ್ ಹೇಳಿದ್ದೂ ಇದೇ. ಹತ್ತು ವರ್ಷ ಕಂಪ್ಯೂಟರ್ ಕಲಿಸಿದವನಿಗೂ ಕಂಪ್ಯೂಟರನ್ನು ಇವತ್ತೇ ಕಂಡ ಮುದುಕನಿಗೂ ಒಂದೇ ಮಾತು ಹೊಳೆದಿತ್ತು. ಹೊಳೆಯದಿದ್ದವನು ನಡುವೆ ನಿಂತಿದ್ದ ನೀಲಕಂಠಸ್ವಾಮಿ ಒಬ್ಬನೇ. ಅವನ ಕಷ್ಟ ಬೇರೆ. ಸಿ.ಡಿ. ಜೇಬಿನಲ್ಲಿತ್ತು. ಆದರೆ ಅದನ್ನು ಲ್ಯಾಪ್‌ಟಾಪಿನ ಯಾವ ಮಗ್ಗುಲಿಗೆ ತೂರಿಸುವುದು ಅವನಿಗೆ ತಿಳಿಯದು. ಜರ್ಮನಿಗೆ ಬುದ್ಧಿ ಹೇಳುವವನು ಇಪ್ಪತ್ತು ಜನರ ಮುಂದೆ ಲ್ಯಾಪ್‌ಟಾಪಿನ ತೂತು ಹುಡುಕುತ್ತ ನಿಲ್ಲುವುದೇ?

"ಅದೆಲ್ಲಾ ಇಂಟರ್‌ನೆಟ್ಟಲ್ಲೇ ನೋಡಾಯ್ತು ಮಾವ" ಎಂದ.

"ಕೊಡಿ ಸಾರ್, ನಾನೇ ಹಾಕ್ತೀನಿ. ಎರಡೇ ನಿಮಿಷ" ಎಂದು ವಸಂತ್ ಕೈ ಚಾಚಿದ.

"ಬ್ಯಾಡ! ಕಂಡಕಂಡ ಮಿಷನ್‌ಗೆಲ್ಲಾ ಹಾಕಿದ್ರೆ ಸಿ.ಡಿ. ಸವೀತದೆ."

"ಹಾಗಾದ್ರೆ ವಿಂಡೋಸ್ ಹಾಕಿಕೊಡ್ಲಾ? ದುಡ್ಡೇನೂ ಬೇಡ. ಸದ್ದುಗಿದ್ದು ಎಲ್ಲಾ ಬರುತ್ತೆ."

"ದುಡ್ಡು ಬೇಡ ಅಂದ್ರೆ ಕಳ್ಳ ವಿಂಡೋಸು!" ಎಂದು ನೀಲಕಂಠಸ್ವಾಮಿ ಎದೆ ಸೆಟೆಸಿದ. ಅಲ್ಲಿಂದ ಕಾಲು ಗಂಟೆ ಪ್ರಾಮಾಣಿಕತೆಯ ಮೇಲೆ ಉಪನ್ಯಾಸವಾಯಿತು. ಕಳ್ಳ ಮಾಲು ತನ್ನ ವಂಶದ ಹೊಸಿಲು ತುಳಿದಿಲ್ಲವೆಂದೂ, ತುಳಿದರೆ ತನ್ನ ಹೆಣದ ಮೇಲೇ ತುಳಿಯಬೇಕೆಂದೂ ಹೇಳಿದ. ವಸಂತ್ ಎರಡು ಸಲ ಆಕಳಿಸಿ ಬಿಲ್ಲು ಬರೆದ. ಮಹದೇವಯ್ಯ ಟವೆಲಿನ ಗಂಟು ಬಿಚ್ಚುತ್ತ ಒಂದೇ ಮಾತು ಹೇಳಿದರು: "ಹೂಡಿ ನೋಡ್ದೆ ನಾನು ಎತ್ತು ತಂದಿಲ್ಲ, ಅಳೀಂದ್ರೇ. ಇದು ನಿಮ್ಮ ಜವಾಬ್ದಾರಿ."

ಮನೆಗೆ ತಂದರು. ಬೇಡವೆಂದರೂ ಮಾಯಮ್ಮ ಬಂದು ಆರತಿ ಎತ್ತಿದಳು. ನೀಲಕಂಠಸ್ವಾಮಿ ಎಲ್ಲ ಕಡೆ ಒತ್ತುತ್ತಿದ್ದಾಗ ಪಕ್ಕೆಯಿಂದ ಒಂದು ತಟ್ಟೆ ತಾನಾಗಿ ಈಚೆ ಬಂತು. ಸಿ.ಡಿ.ಯನ್ನು ಅದರ ಮೇಲಿಟ್ಟು ತಳ್ಳಿದ. ಸ್ವಲ್ಪ ಹೊತ್ತಿಗೆ ಬಣ್ಣ ಬಂತು, ಚಿತ್ರ ಬಂತು, ಇನ್ನೂರು ವಾದ್ಯಗಳ ಹೆಸರಿನ ಪಟ್ಟಿಯೂ ಬಂತು. ಗುಂಡಿ ಒತ್ತಿದರೆ ಹಸಿರು ಗೆರೆಗಳು ಎದ್ದೆದ್ದು ಕುಣಿದವು.

ಸದ್ದು ಮಾತ್ರ ಬರಲಿಲ್ಲ.

ಇನ್ನೂರು ವಾದ್ಯವೂ ಒಟ್ಟಿಗೆ ಮೌನ. ಅಂಗಳದ ತುಂಬ ಜನ ಕಿವಿಗೆ ಕೈಯಿಟ್ಟು ಕೇಳಿದರು. ಒಬ್ಬನಿಗೆ ಕೇಳಿಸಿತು ಕೂಡ. ಆಮೇಲೆ ಅದು ಮಾಯಮ್ಮನ ಮನೆಯ ಗ್ರೈಂಡರ್ ಎಂದು ತಿಳಿಯಿತು.

"ಹೊಸ ಜಾಗ ಅಲ್ವಾ" ಎಂದ ನೀಲಕಂಠಸ್ವಾಮಿ. "ಲಿನಕ್ಸಿಗೆ ಒಗ್ಗೋಕೆ ಹತ್ತು ದಿವಸ ಬೇಕು."

ಚೇತನ್‌ಕುಮಾರನಿಗೆ ಗುಟ್ಟಾಗಿ ಫೋನ್ ಮಾಡಿದ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಅಂಗಡೀಲಿ ಸಿ.ಡಿ. ಹಾಕಿ ನೋಡಿದ್ರಾ? ಸದ್ದು ಬಂತಾ?"

"ಬಂತಾ ಅಂದ್ರೆ! ಅಂಗಡಿ ಗಾಜೆಲ್ಲಾ ಅದುರೋಯ್ತು."

"ಹಾಗಾದ್ರೆ ಲ್ಯಾಪ್‌ಟಾಪು ಸರಿಯಾಗಿದೆ. ವಾಲ್ಯೂಮ್ ಕಡಿಮೆ ಇರಬೇಕು, ಜಾಸ್ತಿ ಮಾಡಿ" ಎಂದು ಅವನು ಫೋನಿಟ್ಟ. ಸುಳ್ಳು ಹೇಳಿದ ರೋಗಿಗೆ ವೈದ್ಯ ಇನ್ನೇನು ಮದ್ದು ಕೊಟ್ಟಾನು?

ವಸಂತನ ಹತ್ತಿರ ಹೋಗಿ ವಿಂಡೋಸ್ ಹಾಕಿಸಿಕೊಂಡು ಬರುವುದು ಒಂದು ಗಂಟೆಯ ಕೆಲಸ. ಆದರೆ ತನ್ನ ಹೆಣ ದಾಟಿ ಹೋಗಬೇಕಲ್ಲ! ಹಾಗಾಗಿ ವಾರವೆಲ್ಲ ವಾಲ್ಯೂಮ್ ಒತ್ತಿದ. ಮಹದೇವಯ್ಯ ಭೇರ್ಯದಿಂದ ಫೋನಿನಲ್ಲೇ ಸಲಹೆ ಕೊಟ್ಟರು: "ಹೊಸ ಎತ್ತನ್ನ ಹಳೇದ್ರ ಪಕ್ಕ ಕಟ್ಬೇಕು. ಅದು ನೋಡಿ ಇದು ಕಲೀತದೆ." ಒಬ್ಬರಿಗೂ ಹೇಳದೆ ಅದನ್ನೂ ಮಾಡಿದ. ಮೂರು ದಿನ ಲ್ಯಾಪ್‌ಟಾಪು ಹಳೇ ಹಾರ್ಮೋನಿಯಂ ಪಕ್ಕದಲ್ಲಿ ಕೂತಿತ್ತು. ಏನೂ ಕಲಿಯಲಿಲ್ಲ.

ಶನಿವಾರ ಮಧ್ಯಾಹ್ನ ಅವನು ಶಾಂತಲಾಳ ಮುಂದೆ ಬಂದು ಕೂತ.

"ನೀನು ಮದುವೆಗೆ ಮುಂಚೆ ಭಜನೆ ಮನೇಲಿ ಹಾರ್ಮೋನಿಯಂ ಪೆಟ್ಟಿಗೆ ನುಡಿಸ್ತಿದ್ದಲ್ಲಾ..."

"ಮದುವೆ ಆದಮೇಲೆ ಹೆಂಗಸ್ರು ಜನದ ಮುಂದೆ ನುಡಿಸ್ಬಾರ್ದು ಅಂದೋರು ಯಾರು?"

"ಜನದ ಮುಂದೆ ಯಾರು ಅಂದ್ರು? ಪರದೆ ಹಿಂದೆ."

"ವೀಳ್ಯ ತಪ್ಪಿದ್ರೆ ಉಣ್ಣೋಕೆ ಏನದೆ?" ಎಂದಳು ಶಾಂತಲಾ. ಅದು ಒಪ್ಪಿಗೆ.

ಏರ್ಪಾಟು ಹೀಗೆ: ಭೇರ್ಯದ ಸ್ಕೂಲ್ ರೂಮಿನಲ್ಲಿ ನಾಟಕದ ಅರಮನೆ ಪರದೆ ಕಟ್ಟಿರುತ್ತಾರೆ. ಪರದೆಯ ಮುಂದೆ ಲ್ಯಾಪ್‌ಟಾಪು ಮತ್ತು ನೀಲಕಂಠಸ್ವಾಮಿ, ಹಿಂದೆ ಹಾರ್ಮೋನಿಯಂ, ಮೈಕು ಮತ್ತು ಶಾಂತಲಾ. ಒಂದು ಸಲ ಕೆಮ್ಮಿದರೆ ಹಾಡು ಶುರು ಮಾಡಬೇಕು, ಇಲ್ಲವೇ ಬದಲಾಯಿಸಬೇಕು, ಎರಡು ಸಲ ಕೆಮ್ಮಿದರೆ ನಿಲ್ಲಿಸಬೇಕು. ಹಾರ್ಮೋನಿಯಂ ಪೆಟ್ಟಿಗೆ ಗೋಣಿಚೀಲದಲ್ಲಿ, ತವರಿಗೆ ಕೊಂಡೊಯ್ಯುವ ಕುಂಬಳಕಾಯಿಯೆಂಬ ಹೆಸರಿನಲ್ಲಿ ಬಸ್ಸು ಹತ್ತಿತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸ್ಕೂಲ್ ರೂಮು ತುಂಬಿತ್ತು. ಜನ ಸೇರುವ ಮೊದಲೇ ಶಾಂತಲಾ ಪರದೆಯ ಹಿಂದೆ ಸೇರಿಕೊಂಡಿದ್ದಳು. ಕೆ.ಆರ್. ನಗರದ ಕೀಬೋರ್ಡಿನವನು ಮೊದಲು ನುಡಿಸಿದ. ತಬಲ ಬಂತು, ಕೊಳಲು ಬಂತು, ಕುದುರೆ ಓಡಿತು. ರಾಜಾಪಾರ್ಟಿನವನು ಕೂತಲ್ಲೇ ಕಡಿವಾಣ ಹಿಡಿದು ಕುಣಿದ. ಮುಂದಿನ ಸಾಲಿನಲ್ಲಿ ನಂಜಣ್ಣ ತೊಡೆಯ ಮೇಲೆ ವೀಳ್ಯದ ತಟ್ಟೆ ಇಟ್ಟುಕೊಂಡು ತಲೆದೂಗಿದ. ಅವನ ಪಕ್ಕದಲ್ಲಿ ಮಹದೇವಯ್ಯ.

ನೀಲಕಂಠಸ್ವಾಮಿ ಎದ್ದ. ಲ್ಯಾಪ್‌ಟಾಪು ತೆರೆದ. "ಇದು ಲಿನಕ್ಸು" ಎಂದು ಪರಿಚಯಿಸಿದ. "ಇದರಲ್ಲಿ ಇನ್ನೂರು ವಾದ್ಯ ಅದೆ. ಆದರೆ ಇವತ್ತು ನಿಮ್ಮ ಪ್ರೀತಿಗೋಸ್ಕರ ಹಾರ್ಮೋನಿಯಂ ಒಂದನ್ನೇ ಕೇಳಿಸ್ತೀನಿ." ಎರಡೂ ಕೈ ಮೇಲೆತ್ತಿ ಗುಂಡಿಗಳ ಮೇಲೆ ಇಳಿಸಿ, ಒಂದು ಸಲ ಕೆಮ್ಮಿದ.

ಸ್ಪೀಕರಿನಿಂದ ಹಾರ್ಮೋನಿಯಂ ಹೊಮ್ಮಿತು.

"ಥೇಟ್ ಹಾರ್ಮೋನಿಯಂ ಥರಾನೇ ಅದಲ್ಲಾ!" ಎಂದ ನಂಜಣ್ಣ.

"ತಿದಿ ಒತ್ತೋ ಸದ್ದೂ ಕೇಳ್ತದೆ ಕಣಣ್ಣ! ಏನ್ ಟೆಕ್ನಿಕ್ಕು!" ಎಂದ ಹಿಂದಿನಿಂದ ಒಬ್ಬ.

ಕೀಬೋರ್ಡಿನವನ ಮುಖ ಬಾಡಿತು. ನೀಲಕಂಠಸ್ವಾಮಿಯ ಬೆರಳುಗಳು ಎಂಬತ್ತಾರು ಗುಂಡಿಗಳ ಮೇಲೆ ನವಿಲಿನಂತೆ ಕುಣಿದವು. ಅಷ್ಟರಲ್ಲಿ ಕರೆಂಟು ಹೋಯಿತು.

ಸ್ಪೀಕರು ಸತ್ತಿತು. ಫ್ಯಾನು ನಿಂತಿತು. ವಾರವೆಲ್ಲ ವಾಲ್ಯೂಮ್ ಒತ್ತಿಸಿಕೊಂಡು ಬ್ಯಾಟರಿ ಬರಿದಾಗಿದ್ದ ಲ್ಯಾಪ್‌ಟಾಪು ಒಂದು ಸಲ ಮಿಣುಕಿ ಕಪ್ಪಾಯಿತು. ಹಾರ್ಮೋನಿಯಂ ಮಾತ್ರ ಒಂದಿಷ್ಟು ಮೆತ್ತಗೆ, ಇನ್ನೂ ಇಂಪಾಗಿ, ನುಡಿಯುತ್ತಲೇ ಇತ್ತು.

"ಕರೆಂಟಿಲ್ದೆ ಹಾಡ್ತಾ ಅದೆ!" ಎಂದು ನಂಜಣ್ಣ ಎದ್ದು ನಿಂತ.

"ಅದೇ... ಅದೇ ಲಿನಕ್ಸಿನ ವಿಶೇಷ" ಎಂದು ನೀಲಕಂಠಸ್ವಾಮಿ ತೊದಲಿ, ನಿಲ್ಲಿಸಲೆಂದು ಎರಡು ಸಲ ಕೆಮ್ಮಿದ. ಹೆದರಿಕೆಗೆ ಮೂರನೆಯದೂ ಬಂತು. ಶಾಂತಲಾ ಎರಡು ಕೆಮ್ಮಿಗೆ ನಿಲ್ಲಿಸಿ, ಮೂರನೆಯದಕ್ಕೆ ಹೊಸ ಹಾಡು ಶುರು ಮಾಡಿದಳು. 'ಅಯ್ಯೋ' ಎಂದು ಮತ್ತೆ ಕೆಮ್ಮಿದ. ಹಾಡು ಬದಲಾಯಿತು. ಗಂಟಲಿಗೆ ಏನೋ ಸಿಕ್ಕಿ ನಿಜವಾದ ಕೆಮ್ಮೇ ಹತ್ತಿತು. ಹಿಂದೆ ಯುದ್ಧದ ಮಟ್ಟು, ಅಳುವ ಮಟ್ಟು, ಜೋಗುಳ, ಮತ್ತೆ ಯುದ್ಧ, ಒಂದರ ಮೇಲೊಂದು ಉರುಳಿದವು.

"ಕೆಮ್ಮಿದ್ರೆ ಹಾಡು ಬದಲಾಯಿಸ್ತದಲ್ಲೋ!" ಎಂದು ಜನ ಹುಚ್ಚೆದ್ದರು. ರಾಜಾಪಾರ್ಟಿನವನು ಮುಂದೆ ಬಂದು ತಾನೂ ಲ್ಯಾಪ್‌ಟಾಪಿನ ಮುಂದೆ ಒಂದು ಸಲ ಕೆಮ್ಮಿ ನೋಡಿದ. ಹಾಡು ಬದಲಾಯಿತು. ಅವನು ಲ್ಯಾಪ್‌ಟಾಪಿಗೆ ಕೈಮುಗಿದ.

ಇಷ್ಟೂ ಹೊತ್ತು ಮಹದೇವಯ್ಯ ತಲೆ ಒಂದು ಪಕ್ಕಕ್ಕೆ ಒರಗಿಸಿಕೊಂಡು, ಎತ್ತಿನ ಗಂಟೆಯ ಸದ್ದಿನಲ್ಲೇ ಅದು ಯಾರ ಮನೆಯದೆಂದು ಗುರುತಿಸುವವರ ಹಾಗೆ ಕೇಳುತ್ತಿದ್ದರು. ಮೆಲ್ಲಗೆ ಎದ್ದು ಬಂದು ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರು. ಹಾಡು ನಿಲ್ಲಲಿಲ್ಲ.

"ಬಾಯಿ ಮುಚ್ಚಿದ್ರೂ ಹಾಡ್ತದೆ!" ಎಂದ ನಂಜಣ್ಣ.

ಮಹದೇವಯ್ಯ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲು ದಾಟಿ ಸ್ಕೂಲಿನ ಅಂಗಳಕ್ಕೆ ನಡೆದರು. ಅರ್ಧ ಜನ ಅವರ ಹಿಂದೆ ಹೋದರು. ಅರ್ಧ ಜನ ಒಳಗೇ ಉಳಿದರು.

"ಅಲ್ಲೇನಾದ್ರೂ ಕೇಳ್ತದೇನ್ರೋ?" ಎಂದು ಒಳಗಿನವರು ಕೂಗಿದರು.

"ಇಲ್ಲ ಕಣ್ರೋ, ಮೂಕಾಗದೆ! ಅಲ್ಲಿ?"

"ಇಲ್ಲಿ ಹಾಡ್ತಾ ಅದೆ!"

ಎರಡು ಕಡೆಯವರೂ ಪರದೆಯ ಕಡೆ ತಿರುಗಿದರು. ನೀಲಕಂಠಸ್ವಾಮಿ ಪರದೆಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ನಿಂತ. ಮಹದೇವಯ್ಯ ವಾಪಸು ಬಂದು, ಅಳಿಯನನ್ನು ಕರು ಸರಿಸುವ ಹಾಗೆ ಪಕ್ಕಕ್ಕೆ ಸರಿಸಿ, ಅರಮನೆ ಪರದೆಯ ಅಂಚು ಹಿಡಿದು ಎತ್ತಿದರು. ಅರಮನೆಯ ಹಿಂದೆ ಗೋಣಿಚೀಲದ ಮೇಲೆ ಕೂತು ಶಾಂತಲಾ ಕಣ್ಣು ಮುಚ್ಚಿ ನುಡಿಸುತ್ತಿದ್ದಳು.

"ಮೊದಲ್ನೇ ಸ್ವರಕ್ಕೇ ಗೊತ್ತಾಯ್ತು ಕಣವ್ವ" ಎಂದರು. "ಆ ಬೆರಳು ನಮ್ಮನೇದು."

ಶಾಂತಲಾ ಕಣ್ಣು ಬಿಟ್ಟಳು. ಹಾಡು ನಿಂತಿತು. ಕೀಬೋರ್ಡಿನವನು ಮೊದಲು ನಕ್ಕ.

"ಮೇಷ್ಟ್ರೇ" ಎಂದ ನಂಜಣ್ಣ, ತಟ್ಟೆ ಎದೆಗೊತ್ತಿಕೊಂಡು, "ಲಿನಕ್ಸು ಅಂದ್ರೆ ಏನು?"

ನೀಲಕಂಠಸ್ವಾಮಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಜರ್ಮನಿ ಬಹಳ ದೂರವಿತ್ತು. "ಗೊತ್ತಿಲ್ಲ" ಎಂದ.

"ಇಂಟರ್‌ನೆಟ್ಟಲ್ಲಿ ನೋಡಿದ್ದು?"

"ಒಂದೇ ದಿವಸ. ಇಂಗ್ಲಿಷಲ್ಲಿತ್ತು."

"ಅಂಗಡೀಲಿ ಹೂಡಿ ನೋಡಿ ಅಂದ್ನಲ್ಲ" ಎಂದರು ಮಹದೇವಯ್ಯ. "ಯಾಕೆ ನೋಡ್ಲಿಲ್ಲ?"

"ಸಿ.ಡಿ. ಎಲ್ಲಿಗೆ ಹಾಕೋದು ಅಂತ ಗೊತ್ತಿರ್ಲಿಲ್ಲ ಮಾವ. ಕೇಳೋಕೆ ನಾಚ್ಕೆ ಆಯ್ತು. ಅದು ತಂದ ದಿವಸದಿಂದ ಒಂದು ಸ್ವರಾನೂ ಹಾಡಿಲ್ಲ."

ನಂಜಣ್ಣ ತಟ್ಟೆಯನ್ನು ಒಮ್ಮೆ ಕೀಬೋರ್ಡಿನವನ ಕಡೆ ತಿರುಗಿಸಿದ. ರಾಜಾಪಾರ್ಟಿನವನು ಅಡ್ಡ ಬಂದ. "ಕುದ್ರೆ ಬ್ಯಾಡ ಕಣಣ್ಣ. ಆ ಅಳೋ ಮಟ್ಟು ಬಂದಾಗ ನಂಗೆ ಕಣ್ಣಲ್ಲಿ ನೀರು ಬಂತು. ಅದೇ ಬೇಕು." ನಂಜಣ್ಣ ಯೋಚಿಸಿ, ನೀಲಕಂಠಸ್ವಾಮಿಯನ್ನು ದಾಟಿ ಹೋಗಿ, ತಟ್ಟೆಯನ್ನು ಶಾಂತಲಾಳ ಮುಂದೆ ಹಿಡಿದ. "ತಗೋ ಮಗಳೇ. ಈ ವರ್ಷದ ಮೇಷ್ಟ್ರು ನೀನೇ."

ಶಾಂತಲಾ ತಟ್ಟೆ ಮುಟ್ಟಲಿಲ್ಲ. ಗಂಡನ ಮುಖ ನೋಡಿದಳು.

"ತಗೋತೀನಿ ಚಿಕ್ಕಪ್ಪ. ಆದ್ರೆ ಇವ್ರು ಇನ್ನೊಂದು ಮಾತು ಬಾಕಿ ಉಳಿಸ್ಕೊಂಡವ್ರೆ. ಅದನ್ನೂ ನಿಮ್ಮೆಲ್ಲರ ಮುಂದೆ ಹೇಳ್ಬುಡ್ಲಿ."

"ಎಲ್ಲಾ ಹೇಳಿದ್ನಲ್ಲೇ!"

"ಎಲ್ಲಾ ಹೇಳಿಲ್ಲ."

ರೂಮೆಲ್ಲ ಅವನ ಕಡೆ ತಿರುಗಿತು. ನೀಲಕಂಠಸ್ವಾಮಿ ಕೆಮ್ಮಲು ಹೋದ. ಈ ಸಲ ಯಾವ ಹಾಡೂ ಬದಲಾಗಲಿಲ್ಲ.

"ಅದೇ... ನಂಜಣ್ಣೋರೇ," ಎಂದ, ನೆಲ ನೋಡುತ್ತ, "ಮೈಸೂರಲ್ಲಿ ಮೂರು ಜನ ದೊಡ್ಡ ಗುರುಗಳ ಕೈಕೆಳಗೆ ಹಾರ್ಮೋನಿಯಂ ಕಲ್ತೆ ಅಂತ ಒಂಬತ್ತು ವರ್ಷದಿಂದ ನಿಮಗೆ ಹೇಳ್ತಾ ಬಂದಿದ್ದೀನಲ್ಲ..."

"ಹೂಂ. ಯಾರವ್ರು?"

"ಮೂರು ಜನಾನೂ ಇವಳೇ ಕಣ್ರೀ."